ಹುಲಿಯ ತಲೆಯ ಮೇಲೆ ಕೂತವರು

ಹಿರೋಂದಿಯ ಗಂಡನನ್ನು ಹುಲಿ ಹಿಡಿದದ್ದು ಕಳಲೆಯ ಆಸೆಗೆ. ಆಸೆ ಅವನದಲ್ಲ, ಇವಳದು. ಬಚ್ಚಿಡುವ ಸ್ವಭಾವ ಹಿರೋಂದಿಯದಲ್ಲ. ಕೇಳಿದವರಿಗೂ ಕೇಳದವರಿಗೂ ಅವಳೇ ಹೇಳುತ್ತಿದ್ದಳು: "ಅವತ್ತು ನಾನು ಬಾಯಿ ಮುಚ್ಕೊಂಡಿದ್ದಿದ್ರೆ ಜೇಠು ಇನ್ನೂ ಇರ್ತಿದ್ದ."

ನಾನು ಗೊಂಡರವಳು, ಅವಳು ಬೈಗಾ. ಕಾಡಿನೊಳಗಿದ್ದಾಗ ನಮ್ಮಿಬ್ಬರ ಊರು ಒಂದೇ, ಝಿರಿಯಾ. ತೊರೆಯ ಈಚೆ ನಮ್ಮ ಮನೆಗಳು, ಆಚೆ ಅವರವು. ನಾನು ಮದುವೆಯಾಗಿ ಬಂದ ವರ್ಷವೇ ಅವಳೂ ಬಂದಳು. ಎತ್ತರದ ಹೆಣ್ಣು. ಹಣೆಯ ಮೇಲೆ ಬೈಗಾ ಹೆಂಗಸರ ಹಚ್ಚೆ, ತೋಳಿನ ತುಂಬ ಹಚ್ಚೆ. ನಕ್ಕರೆ ತೊರೆ ದಾಟಿ ನಮ್ಮ ಅಂಗಳಕ್ಕೆ ಕೇಳಿಸುತ್ತಿತ್ತು. ಜೇಠು ಅವಳಿಗಿಂತ ಒಂದು ಗೇಣು ಗಿಡ್ಡ, ಮಾತೂ ಕಡಿಮೆ. ಸಂತೆಗೆ ಹೊರಟರೆ ಅವಳು ಮುಂದೆ, ಅವನು ಹಿಂದೆ. "ನೋಡ್ರೋ, ಹೆಂಡ್ತಿ ನೆರಳಲ್ಲಿ ಹೋಗ್ತಾವ್ನೆ, ಬಿಸಿಲೇ ತಾಗಲ್ಲ ಇವನಿಗೆ" ಎಂದು ನಮ್ಮ ಗಂಡಸರು ಕೂಗಿದರೆ ಅವನು ತಲೆ ಎತ್ತದೆ, "ನಿಮ್ಮ ಹೆಂಡ್ತೀರಿಗೆ ನೆರಳೂ ಇಲ್ವಲ್ಲ, ಪಾಪ" ಎನ್ನುತ್ತಿದ್ದ. ಎರಡು ಕೂಸು ಹುಟ್ಟಿ ಎರಡೂ ನಿಲ್ಲಲಿಲ್ಲ. ಆಮೇಲೆ ಅವರಿಬ್ಬರೇ, ಜೊತೆಗೆ ಅವನ ಅಪ್ಪ ಮಹತು.

ಮಹತು ಊರಿನ ದೇವಾರ, ಅಂದರೆ ಬೈಗಾ ಪೂಜಾರಿ. ಬೀಜ ಬಿತ್ತುವ ಮೊದಲು ಮಂತ್ರ ಹಾಕುವವನು ಅವನೇ, ಹುಲಿಯ ಕೈಯಲ್ಲಿ ಯಾರಾದರೂ ಸತ್ತರೆ ಮುಂದಿನ ಕೆಲಸ ಮಾಡುವವನೂ ಅವನೇ. ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಮಾತು: ಭೂಮಿ ಇನ್ನೂ ತೇಲಾಡುತ್ತಿದ್ದ ಕಾಲದಲ್ಲಿ ಮೊದಲ ಮನುಷ್ಯ ನಂಗಾ ಬೈಗಾ ಅದನ್ನು ಹಿಡಿದು ನಿಲ್ಲಿಸಿದಾಗ ಹುಲಿ ಅವನ ತಮ್ಮನಾಗಿ ಪಕ್ಕದಲ್ಲಿ ಕೂತಿತ್ತು. ತಮ್ಮ ಅಣ್ಣನ ಮಕ್ಕಳನ್ನು ಮುಟ್ಟುವುದಿಲ್ಲ. ಎಂದೋ ಮರೆತು ಮುಟ್ಟಿಬಿಟ್ಟರೆ ಸತ್ತವನ ಜೀವ ಹುಲಿಯ ತಲೆಯ ಮೇಲೆ ಹತ್ತಿ ಕೂರುತ್ತದೆ. ಕೂತು ಒಂಟಿತನ ತಾಳಲಾರದೆ ತನ್ನವರನ್ನು ಹೆಸರು ಹಿಡಿದು ಕರೆಯುತ್ತದೆ. ಕರೆದ ಕಡೆಗೆ ಹುಲಿ ಹೋಗುತ್ತದೆ. ಆ ಜೀವವನ್ನು ಕೆಳಗಿಳಿಸಿ ಮನೆಗೆ ಕಳಿಸುವ ತನಕ ಸಾವು ನಿಲ್ಲುವುದಿಲ್ಲ.

ಹುಲಿ ಕಾಯುವ ಪಾರ್ಕು ದೊಡ್ಡದಾದ ಮೇಲೆ ಝಿರಿಯಾವನ್ನು ಖಾಲಿ ಮಾಡಿಸಿದರು. ನಮಗೆ ಕೊಟ್ಟದ್ದು ಡಾಂಬರು ರಸ್ತೆಯ ಪಕ್ಕ, ಸಾಲಾಗಿ ತಗಡಿನ ಮನೆಗಳು. ಊರಿದ್ದ ಜಾಗದಲ್ಲಿ ಈಗ ಹುಲ್ಲುಗಾವಲು. ಬಾರಾಸಿಂಗಾ ಜಿಂಕೆಗಳು ಮೇಯುತ್ತವೆ, ಜೀಪಿನಲ್ಲಿ ಬಂದವರು ಅವುಗಳ ಫೋಟೊ ತೆಗೆಯುತ್ತಾರೆ. ನಮ್ಮ ಊರಿನ ಒರತೆ ಮಾತ್ರ ಹಾಗೇ ಇದೆಯಂತೆ.

ಆ ಮಳೆಗಾಲದ ಬೆಳಿಗ್ಗೆ ನಾನು ಉಪ್ಪು ಕೇಳಲು ಅವರ ಮನೆಗೆ ಹೋಗಿದ್ದೆ. ಹಿರೋಂದಿ ಕಳಲೆಯ ಪಲ್ಯವನ್ನು ಬಾಯಿಗಿಟ್ಟು ಉಗಿದಳು.

"ಇದೇನ್ ಕಳಲೆನೋ ಹಗ್ಗನೋ?"

"ರಸ್ತೆ ಪಕ್ಕದ ಬಿದಿರು. ಲಾರಿ ಹೊಗೆ ಕುಡ್ಕೊಂಡು ಬೆಳೆದಿರೋದು" ಎಂದ ಜೇಠು.

"ನಮ್ಮ ಒರತೆ ಹತ್ರ ಏಳ್ತಿತ್ತಲ್ಲ... ಬೆರಳಲ್ಲಿ ಒತ್ತಿದ್ರೆ ಬೆಣ್ಣೆ."

"ತರ್ಲಾ?"

"ನೀನಾ? ನಾಕೇದಾರನ ಸೀಟಿ ಕೇಳಿದ್ರೆ ಪೊದೆ ಒಳಗೆ ಕೂರ್ತೀಯ."

"ತಂದ್ರೆ ಏನ್ ಕೊಡ್ತೀಯ?"

"ತಂದ್ರೆ ಗಂಡಸು ಅಂತ ಒಪ್ಕೋತೀನಿ" ಎಂದು ಅವಳು ನಕ್ಕಳು. ನಾನೂ ನಕ್ಕೆ. ಅವನೂ ನಗುತ್ತಾ ಗೂಟದಿಂದ ಬುಟ್ಟಿ ತೆಗೆದುಕೊಂಡ. ಇಷ್ಟೇ ಆದದ್ದು.

ಕತ್ತಲಾದರೂ ಬರಲಿಲ್ಲ. ಮರುದಿನ ಅರಣ್ಯ ಇಲಾಖೆಯ ನಾಕೇದಾರ ಮತ್ತು ಕಾವಲಿನವರು ಆನೆಯ ಮೇಲೆ ಹೋಗಿ ಹುಡುಕಿದರು. ತಂದದ್ದನ್ನು ಟಾರ್ಪಾಲಿನಲ್ಲಿ ಸುತ್ತಿದ್ದರು, ಸುತ್ತಿದ್ದು ಸಣ್ಣ ಗಂಟು. "ಬಿಚ್ಚಬೇಡ ತಾಯಿ" ಎಂದು ನಾಕೇದಾರ ಕೈ ಅಡ್ಡ ಹಿಡಿದ. ಅವನೂ ಮನುಷ್ಯನೇ, ಕಣ್ಣು ಕೆಂಪಾಗಿತ್ತು. ಹಿರೋಂದಿ ಅವನ ಕೈ ಸರಿಸಿ ಬಿಚ್ಚಿದಳು, ನೋಡಿದಳು, ಮತ್ತೆ ಕಟ್ಟಿದಳು. ಅಳಲಿಲ್ಲ. ಒರತೆಯ ಬಳಿ ಬಿದ್ದಿದ್ದ ಬುಟ್ಟಿಯನ್ನೂ ಅವರು ತಂದಿದ್ದರು. ಅದರ ತುಂಬ ಎಳೇ ಕಳಲೆ. ಅದನ್ನು ನೋಡಿದಾಗ ಅವಳ ಗಂಟಲಿನಿಂದ ಬಂದ ಸದ್ದು ನನಗೆ ಈಗಲೂ ಬೇಡ. ಆ ಕಳಲೆಯನ್ನು ಅವಳು ಬೇಯಿಸಲಿಲ್ಲ, ಎಸೆಯಲೂ ಇಲ್ಲ. ಅಂಗಳದಲ್ಲೇ ಕಪ್ಪಾಗಿ ಕೊಳೆತುಹೋಯಿತು.

ಗಂಟನ್ನು ಊರಿನ ಬೇರೆ ಹೆಣಗಳಿಂದ ದೂರದಲ್ಲಿ ಹೂತರು. ಹುಲಿಗೆ ಬಲಿಯಾದವನಿಗೆ ಹಾಗೆಯೇ. ಮಹತು ಮಣ್ಣು ಮುಚ್ಚಿ ಎದ್ದು ಹೇಳಿದ: "ಇದು ಬರೀ ಮೂಳೆ. ಅವನು ಇಲ್ಲಿಲ್ಲ. ನೆತ್ತರು ಬಿದ್ದ ಜಾಗಕ್ಕೆ ನಾನು ಹೋಗ್ಬೇಕು."

ಪಾರ್ಕಿನ ಗೇಟಿನ ಬಳಿ ನಾಕೇದಾರ ಬಿಡಲಿಲ್ಲ. "ಅಜ್ಜ, ಅದು ಅಲ್ಲೇ ಸುತ್ತಾಡ್ತಿದೆ. ನಿನ್ನನ್ನೂ ಅದರ ಬಾಯಿಗೆ ಕಳಿಸ್ಲಾ?"

"ಮಳೆ ಬರ್ತಿದೆ ಕಣಪ್ಪ. ನೆತ್ತರು ತೊಳೆದು ಹೋದ್ರೆ ನಾನೇನು ಹಿಡೀಲಿ?"

"ಹುಲಿ ಸಿಗಲಿ. ಆಮೇಲೆ ನಾನೇ ಕರ್ಕೊಂಡು ಹೋಗ್ತೀನಿ."

ಮಳೆ ನಿಲ್ಲಲಿಲ್ಲ. ಅದರ ನಡುವೆ ಫಗ್ನಿ ಹೋದಳು.

ಫಗ್ನಿ ತಿತ್ರುವಿನ ಹೆಂಡತಿ. ಹಿರೋಂದಿಗೆ ಮನೆ ಸಾಲಿನಲ್ಲಿ ಎದುರುಮನೆಯವಳು. ಹೊಲದ ಅಂಚಿನಲ್ಲಿ ಹಾಡುಹಗಲೇ ಹುಲ್ಲು ಕೊಯ್ಯುತ್ತಿದ್ದಳು, ಜೊತೆಗೆ ಬೇರೆ ಹೆಂಗಸರೂ ಇದ್ದರು. ಅವರು ಆಣೆ ಹಾಕಿ ಹೇಳಿದ್ದು ಇದು: ಫಗ್ನಿ ಇದ್ದಕ್ಕಿದ್ದಂತೆ ತಲೆ ಎತ್ತಿ, "ಯಾರು? ಯಾರು ಕರೆದಿದ್ದು?" ಎಂದಳು. ಯಾರೂ ಕರೆದಿರಲಿಲ್ಲ. ಕುಡುಗೋಲು ಕೆಳಗಿಟ್ಟು, ಪರಿಚಯದವರನ್ನು ನೋಡಿದವಳ ಹಾಗೆ ಪೊದೆಯ ಕಡೆ ನಡೆದಳು.

ಆಮೇಲೆ ಊರಿಗೆ ಊರೇ ಒಂದೇ ಮಾತು ಆಡಿತು. ಜೇಠು ಕರೆಯುತ್ತಿದ್ದಾನೆ. ಹಿರೋಂದಿ ಬೋರ್‌ವೆಲ್ ಹತ್ತಿರ ಬಂದರೆ ಹೆಂಗಸರು ಕೊಡ ಎತ್ತಿಕೊಂಡು ಸರಿಯುತ್ತಿದ್ದರು. "ನಿನ್ನ ಗಂಡನಿಗೆ ಹೇಳೇ, ನಮ್ಮ ಬೀದಿ ಬಿಟ್ಟು ಬೇರೆ ಬೀದಿ ನೋಡ್ಕೊಳ್ಳಲಿ" ಎಂದು ಒಬ್ಬಳು ಎಂದಳು. ತಿತ್ರು ಅವಳ ಅಂಗಳಕ್ಕೇ ಬಂದ. ಜೊತೆಯಲ್ಲಿ ಅವನ ಮಗಳು ಸೋನಿಯಾರೋ, ಇನ್ನೂ ಲಂಗ ಹಾಕುವ ಹುಡುಗಿ, ಅಪ್ಪನ ಅಂಗಿ ಹಿಡಿದುಕೊಂಡಿದ್ದಳು.

"ನಿನ್ನ ನಾಲಗೆ ಚಪಲಕ್ಕೆ ಎರಡು ಹೆಣ ಬಿತ್ತಲ್ಲೇ! ತೀರ್ತಾ? ಇಲ್ಲ ಇನ್ನೂ ಹಸಿವಿದೆಯಾ?"

ನಾನು ಅವನನ್ನು ತಡೆಯಲು ಹೋದೆ. ಹಿರೋಂದಿ, "ಬಿಡು ಸುಕ್ವಾರೋ, ಸುಳ್ಳು ಹೇಳ್ತಿದಾನಾ ಅವನು?" ಎಂದಳು. ಮಹತು ತಡಿಕೆಗೆ ಒರಗಿ ಕೂತಿದ್ದವನು, "ತಿತ್ರು, ಫಗ್ನಿ ಬಿದ್ದ ಜಾಗಕ್ಕಾದ್ರೂ ನಾನು ಬರ್ತೀನಪ್ಪ" ಎಂದ.

"ನಿನ್ನ ಮಗನ್ನೇ ಹಿಡಿಯಕ್ಕಾಗದವನು ನನ್ನ ಹೆಂಡ್ತೀನ ಇಳಿಸ್ತೀಯಾ? ನನ್ನ ಹೊಲದ ಬದು ತುಳಿದ್ರೆ ಕಾಲು ಮುರೀತೀನಿ" ಎಂದು ತಿತ್ರು ಉಗಿದು ಹೋದ.

ಮರುದಿನ ಬೆಳಕು ಹರಿಯುವಾಗಲೇ ಮಾವ ಸೊಸೆ ಇಬ್ಬರೂ ಗೇಟು ತಪ್ಪಿಸಿ ಕಾಡು ಹೊಕ್ಕರು. ಗಂಡಸರಲ್ಲಿ ಯಾರೂ ಜೊತೆಗೆ ಬರಲು ಒಪ್ಪಿರಲಿಲ್ಲ. ಹೋಗುವ ಮೊದಲು ಹಿರೋಂದಿ ತಿತ್ರುವಿನ ಬದುವಿಗೆ ಹೋಗಿ, ಫಗ್ನಿ ಬಿದ್ದ ಜಾಗದ ಮಣ್ಣನ್ನು ಸೆರಗಿನಲ್ಲಿ ಕಟ್ಟಿಕೊಂಡಿದ್ದಳು. ಕಾಡಿನಲ್ಲಿ ನಡೆದದ್ದನ್ನು ಅವಳೇ ನನಗೆ ಆಮೇಲೆ ಹೇಳಿದಳು.

ಒರತೆಯ ಬಳಿ ಮಣ್ಣು ತೊಳೆದು ಹೋಗಿತ್ತು. ಬಿದಿರಿನ ಬುಡದಲ್ಲಿ, ಮಳೆ ತಾಗದ ಕಡೆ ಒಂದಿಷ್ಟು ಕಪ್ಪು ಉಳಿದಿತ್ತು. ಮಹತು ಅದನ್ನು ಕೆರೆದು ಮುದ್ದೆ ಮಾಡಿದ, ಮನುಷ್ಯನ ಹಾಗೆ ನಿಲ್ಲಿಸಿದ. ಪಕ್ಕದಲ್ಲಿ ಫಗ್ನಿಯ ಮಣ್ಣಿನದು ಇನ್ನೊಂದು. ದೇವಾರ ಆಗ ಹುಲಿಯಾಗಬೇಕು. ನಾಲ್ಕು ಕಾಲಿನಲ್ಲಿ ಸುತ್ತು ಬಂದು, ಗುರುಗುಟ್ಟಿ, ಮಣ್ಣಿನ ಮನುಷ್ಯನನ್ನು ಹಲ್ಲಿನಲ್ಲಿ ಕಚ್ಚಿ ಎತ್ತಬೇಕು. ಇನ್ನೊಬ್ಬರು ಬಂದು ಬೆನ್ನಿಗೆ ಕೋಲು ಮುಟ್ಟಿಸಬೇಕು. ಆಗ ಹುಲಿ ಬಿಟ್ಟುಕೊಡುತ್ತದೆ.

ಮಹತು ಕೈಕಾಲೂರಿದ. ಸುತ್ತು ಬಂದ. ಬಾಯಿ ಹಾಕಿದ. ಬಾಯಲ್ಲಿ ಹಲ್ಲಿರಲಿಲ್ಲ. ಮಣ್ಣು ವಸಡಿಗೆ ಸಿಕ್ಕಿ ಜಾರಿ ಬಿತ್ತು. ಮತ್ತೆ ಹಾಕಿದ, ಮತ್ತೆ ಬಿತ್ತು. ಮೂರನೇ ಸಲ ಅವನು ಏಳಲೇ ಇಲ್ಲ. ಮುಖ ಮಣ್ಣಿಗೆ ಒತ್ತಿ ಮಗನ ಹೆಸರು ಹೇಳಿ ಅತ್ತ.

"ಏಳು ಮಾವ. ನಾನು ಮಾಡ್ತೀನಿ."

"ಹೆಂಗಸ್ರು ಮಾಡೋದಲ್ಲ ಅದು."

"ಗಂಡಸ್ರು ಯಾರು ಬಂದ್ರು?"

"ನಿನ್ನ ಗಂಡ ಕಣೆ ಅವನು! ಅವನನ್ನ ತಿಂದಿದ್ದರ ಆಟ ನೀನೇ ಆಡ್ತೀಯಾ?"

"ತಿಂದಿದ್ದು ನಾನೇ ಅಂತ ಊರೆಲ್ಲ ಹೇಳ್ತಿದೆಯಲ್ಲ" ಎಂದು ಅವಳು ಸೀರೆ ಎತ್ತಿ ಕಟ್ಟಿ ಕೈಕಾಲೂರಿದಳು.

ಅದರ ಬಗ್ಗೆ ಅವಳು ನನಗೆ ಹೇಳಿದ್ದು ಒಂದೇ ಮಾತು: "ಅವನ ರುಚಿ ಬಂತು ಸುಕ್ವಾರೋ. ಮಳೆ ಮಣ್ಣಲ್ಲಿ ಅವನ ರುಚಿ ಬಂತು." ಮಹತು ಅವಳ ಬೆನ್ನಿಗೆ ಕೋಲು ಮುಟ್ಟಿಸಿದ. ಎರಡೂ ಮಣ್ಣಿನ ಮುದ್ದೆಗಳನ್ನು ಹುತ್ತದೊಳಗೆ ಇಟ್ಟು ಮುಚ್ಚಿದರು.

ಉಳಿದದ್ದು ಕೊನೆಯ ಕೆಲಸ. ಮರುದಿನ ಕೋಳಿಮರಿಯ ತಲೆಗೆ ಕೆಮ್ಮಣ್ಣಿನಲ್ಲಿ ಸತ್ತವರ ಗುರುತು ಹಾಕಿ ಕಾಡಿನೊಳಕ್ಕೆ ಎಸೆದು, "ತಗೋ, ಮನೆಗೆ ಹೋಗು" ಎನ್ನಬೇಕು. ಅಷ್ಟಾದರೆ ಜೀವ ಹುಲಿಯ ತಲೆಯಿಂದ ಇಳಿಯುತ್ತದೆ.

ಮರುದಿನ ಅವಳು ಎರಡು ಮರಿಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ರಸ್ತೆ ದಾಟುತ್ತಿದ್ದಾಗ ಕಾಡಿನ ಕಡೆಯಿಂದ ಲಾರಿ ಬಂತು. ಹಿಂದೆ ಮುಂದೆ ಜೀಪುಗಳು. ಲಾರಿಯ ಮೇಲೆ ಗೋಣಿ ಮುಚ್ಚಿದ ಪಂಜರ. ನಸುಕಿನಲ್ಲೇ ಮದ್ದಿನ ಸೂಜಿ ಹೊಡೆದು ಹುಲಿಯನ್ನು ಕೆಡವಿದ್ದರು. ಊರಿನವರು ಓಡಿ ಬಂದರು. ಕೆಲವರು ಕಲ್ಲು ತೂರಿದರು, ಕೆಲವರು ಕುಣಿದರು. ಹಿರೋಂದಿ ಬುಟ್ಟಿ ಎದೆಗವಚಿಕೊಂಡು ಲಾರಿಯ ಹಿಂದೆ ಓಡಿದಳು. "ನಿಲ್ಸಿ! ಅಣ್ಣಾ, ಒಂದ್ ಗಳಿಗೆ ನಿಲ್ಸಿ! ಅವರು ಇನ್ನೂ ಇಳಿದಿಲ್ಲ!"

ಹುಚ್ಚಿ ಎಂದುಕೊಂಡಿರಬೇಕು. ಲಾರಿ ನಿಲ್ಲಲಿಲ್ಲ.

"ಕೂತೋರು ಕೂತ್ಕೊಂಡೇ ಹೋದ್ರು" ಎಂದ ಮಹತು.

ಹುಲಿಯನ್ನು ಶಹರದ ಮೃಗಾಲಯಕ್ಕೆ ಒಯ್ದರೆಂದು ನಾಕೇದಾರ ಹೇಳಿದ. ಹಿರೋಂದಿ ನನ್ನ ಮನೆಗೆ ಬಂದಳು. ನನ್ನ ಗಂಡನ ಕಾಯಿಲೆಗೆಂದು ನಾನು ಶಹರ ನೋಡಿದ್ದೆ, ಅವಳು ಮಂಡಲಾ ಸಂತೆಯ ಆಚೆ ಕಾಲಿಟ್ಟವಳಲ್ಲ.

"ಹೋಗೋಣ" ಎಂದಳು.

"ಏನಂತ ಹೋಗ್ತೀಯೇ? ಅಲ್ಲಿ ಯಾರು ನಿನ್ನ ಒಳಗೆ ಬಿಡ್ತಾರೆ?"

"ನೀನು ದಾರಿ ತೋರ್ಸು. ಆಮೇಲಿಂದು ನಾನು ನೋಡ್ಕೋತೀನಿ."

ಮಹತುವಿಗೆ ಅಷ್ಟು ದೂರದ ಶಕ್ತಿ ಇರಲಿಲ್ಲ. ಹೇಳಬೇಕಾದ ಮಾತುಗಳನ್ನು ಸೊಸೆಗೆ ಕಲಿಸಿ, ಕೆಮ್ಮಣ್ಣಿನ ಉಂಡೆ ಕೊಟ್ಟು, "ನನ್ನ ಮಗನ್ನ ಕಳಿಸಿ ಬಾ" ಎಂದ.

ಬಸ್ಸಿನಲ್ಲಿ ಉಸಿರಾಡಲು ಜಾಗವಿರಲಿಲ್ಲ. ಅವಳು ಮರಿಗಳ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಮೇಲೆ ಕೈ ಅಡ್ಡ ಹಿಡಿದೇ ಕೂತಿದ್ದಳು. ಮಧ್ಯದಲ್ಲಿ ನಿದ್ದೆ ಹತ್ತಿ ಕೈ ಜಾರಿತು. ಯಾರೋ ನಿಂತವರು ತಮ್ಮ ಚೀಲವನ್ನು ಬುಟ್ಟಿಯ ಮೇಲಿಟ್ಟರು. ಶಹರದಲ್ಲಿ ಇಳಿದು ನೋಡಿದರೆ ಒಂದು ಮರಿ ಕಿಚ ಕಿಚ ಎನ್ನುತ್ತಿತ್ತು, ಇನ್ನೊಂದರ ಕತ್ತು ಹೊರಳಿತ್ತು.

ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೂತೆವು. "ಇಲ್ಲೇ ಅಂಗಡೀಲಿ ಒಂದು ಕೋಳಿ ತರ್ತೀನಿ ಇರು" ಎಂದೆ.

"ಆ ಬಿಳೀದಾ? ಅದು ಪಂಜರದಲ್ಲಿ ಹುಟ್ಟಿ ಪಂಜರದಲ್ಲಿ ಸಾಯೋ ಜಾತಿ. ಅದಕ್ಕೆ ನಮ್ಮ ದಾರಿ ಎಲ್ಲಿ ಗೊತ್ತು?"

"ಹಂಗಾದ್ರೆ ಒಂದರಲ್ಲೇ ಇಬ್ಬರನ್ನೂ..."

"ಒಂದು ಮರಿ ಮೇಲೆ ಇಬ್ರು ಹೋಗಕ್ಕಾಗಲ್ಲ." ಸತ್ತ ಮರಿಯನ್ನು ಸೆರಗಿನಲ್ಲಿ ಸುತ್ತಿ ಎದ್ದಳು.

ಮೃಗಾಲಯದಲ್ಲಿ ನಮ್ಮ ಹುಲಿ ಕಾಣಲಿಲ್ಲ. ಮನುಷ್ಯರನ್ನು ತಿಂದದ್ದನ್ನು ಜನರಿಗೆ ತೋರಿಸುವುದಿಲ್ಲವಂತೆ. ಹಿಂಭಾಗದಲ್ಲಿ ಬೇರೆ ಕೋಣೆ, ಬೀಗ. ಅಲ್ಲಿ ಮಾಂಸ ಹಾಕುವವನು ನನ್ಹೇ ಮಿಯಾ ಎಂಬ ಮುದುಕ. ಹಿರೋಂದಿ ಅವನ ಎದುರಿಗೆ ನೆಲದ ಮೇಲೆ ಕೂತುಬಿಟ್ಟಳು. ಅವಳ ಹಣೆಯ ಹಚ್ಚೆ, ಬುಟ್ಟಿಯಲ್ಲಿನ ಮರಿ ನೋಡಿ ಅವನು, "ಏನಮ್ಮ, ಕೋಳಿ ಮಾರಕ್ಕೆ ಬಂದ್ಯಾ?" ಎಂದ.

"ಕಾಡಿಂದ ತಂದ ಹುಲಿ ನೋಡ್ಬೇಕು."

"ನೋಡಿ ಏನ್ಮಾಡ್ತೀಯ? ನಿಮ್ಮೋರನ್ನ ತಿಂತಾ? ಬೈಬೇಕಾ? ಬೈದ್ರೆ ಅದಕ್ಕೇನು ತಿಳಿಯುತ್ತೆ."

"ಬೈಯಕ್ಕಲ್ಲ. ಅದರ ತಲೆ ಮೇಲೆ ನನ್ನ ಗಂಡ ಕೂತಿದಾನೆ. ಇಳಿಸಿ ಕಳಿಸ್ಬೇಕು."

ಅವನು ನನ್ನ ಮುಖ ನೋಡಿದ. ನಾನು ತಲೆ ಆಡಿಸಿದೆ. ನಗುತ್ತಾನೆ ಎಂದುಕೊಂಡಿದ್ದೆ, ನಗಲಿಲ್ಲ. ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡ. "ಬಂದಾಗಿಂದ ಒಂದು ಚೂರು ಮಾಂಸ ಮುಟ್ಟಿಲ್ಲ ಅದು. ನನಗೂ ಏನೋ ಸರಿ ಇಲ್ಲ ಅನ್ನಿಸ್ತಿತ್ತು. ಸಾಹೇಬ್ರು ಊಟಕ್ಕೆ ಹೋಗಲಿ, ಕರೀತೀನಿ. ಒಂದೇ ಸಲ. ಮತ್ತೆ ಬರಬೇಡಿ, ನನ್ನ ಹೊಟ್ಟೆ ಮೇಲೆ ಹೊಡೀಬೇಡಿ."

ಒಳಗೆ ಮೂಲೆಯಲ್ಲಿ ಹುಲಿ ಮಲಗಿತ್ತು. ಹೆಣ್ಣು ಹುಲಿ, ಇನ್ನೂ ಸಣ್ಣ ವಯಸ್ಸು. ಮುಂಗಾಲಿನಲ್ಲಿ ಮುಳ್ಳುಹಂದಿಯ ಮುಳ್ಳು ಮುರಿದು ಕೀವಾಗಿತ್ತು. ಜಿಂಕೆ ಹಿಡಿಯಲಾಗದೆ ಮನುಷ್ಯರಿಗೆ ಬಿದ್ದದ್ದು ಅದಕ್ಕೇ ಎಂದ ನನ್ಹೇ ಮಿಯಾ. ಕಬ್ಬಿಣಕ್ಕೆ ಉಜ್ಜಿ ಉಜ್ಜಿ ಮೂಗಿನ ಮೇಲಿನ ಚರ್ಮ ಕಿತ್ತಿತ್ತು.

"ಇಷ್ಟೇನಾ?" ಎಂದಳು ಹಿರೋಂದಿ. "ಇದಾ?"

ಅವಳು ಸರಳಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಹುಲಿಯ ಎರಡು ಕಿವಿಗಳ ನಡುವೆ ನೋಡಿದಳು. ಅಲ್ಲಿ ನನಗೇನೂ ಕಾಣಲಿಲ್ಲ. ಅವಳು ಮಾತ್ರ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಕಣ್ಣು ಹೊರಳಿಸಿದಳು, ಇಬ್ಬರ ಮುಖ ನೋಡುವವಳ ಹಾಗೆ. ಆಮೇಲೆ ಕೆಮ್ಮಣ್ಣಿನ ಉಂಡೆಗೆ ಉಗುಳು ಹಚ್ಚಿ ಬೆರಳಿನಲ್ಲಿ ತೇದಳು. ಗಂಡಸಿಗಾದರೆ ಮರಿಯ ತಲೆಗೆ ಒಂದು ಗೆರೆ. ಅವಳ ಬೆರಳು ಒಂದು ಗೆರೆ ಎಳೆಯಿತು, ನಿಂತಿತು, ಅದಕ್ಕೆ ಕೂಡಿಸಿ ಇನ್ನೊಂದು ಗೆರೆ ಎಳೆಯಿತು. ಬೈಗಾ ಹೆಂಗಸಿನ ಹಣೆಯ ಹಚ್ಚೆ.

ಮರಿಯನ್ನು ಸರಳಿನ ಸಂದಿಯಲ್ಲಿ ತೂರಿಸಿ ಹೇಳಿದಳು: "ಫಗ್ನಿ, ತಗೋ. ಮನೆಗೆ ಹೋಗು."

ಹುಲಿ ತಲೆ ಎತ್ತಿತು. ಕುಂಟುತ್ತಾ ಬಂದು ಮೂಸಿತು. ಒಂದೇ ತುತ್ತು. ನನ್ಹೇ ಮಿಯಾ "ಯಾ ಅಲ್ಲಾ" ಎಂದ.

ಹಿರೋಂದಿ ಎದ್ದಳು. ಹೊರಟವಳು ಬಾಗಿಲಲ್ಲಿ ತಿರುಗಿ, ಸಂತೆಯಲ್ಲಿ ಗಂಡನನ್ನು ಮರದ ಕೆಳಗೆ ಕೂರಿಸಿ ಹೋಗುವವಳ ದನಿಯಲ್ಲಿ, "ಜೇಠು, ನೀನು ಸ್ವಲ್ಪ ಕೂತಿರು. ಇನ್ನೊಂದು ಮರಿ ತರ್ತೀನಿ" ಎಂದಳು.

ಬಸ್ಸು ಶಹರ ದಾಟಿತು. ಆಮೇಲೆ ತಡೆಯಲಾಗದೆ, ಫಗ್ನಿ ಯಾಕೆ ಮೊದಲು ಎಂದು ಕೇಳಿದೆ.

"ನಮ್ಮೋನು ನನ್ನ ಮಾತಿಗೆ ಹೋದ" ಎಂದಳು. "ನನ್ನ ಮೇಲೆ ಅವನಿಗೆ ಸಿಟ್ಟು ಬಂದ್ರೂ ನಮ್ಮನಮ್ಮಲ್ಲೇ. ಅವಳು ಯಾರ ಮಾತಿಗೆ ಹೋದ್ಲು ಹೇಳು? ಅವಳಿಗೆ ಬೆಳೆಯೋ ಮಗಳಿದಾಳೆ. ನಾನು ಅವಳನ್ನ ಅಲ್ಲೇ ಬಿಟ್ಟು ನನ್ನ ಗಂಡನ್ನ ಕರ್ಕೊಂಡು ಬಂದ್ರೆ ನಾಳೆ ಆ ಹುಡುಗಿ ಮುಖ ಹೆಂಗ್ ನೋಡ್ಲಿ?"

ಊರಿನಲ್ಲಿ ಮಹತು ಬಾಗಿಲಲ್ಲೇ ಕಾಯುತ್ತಿದ್ದ. ನಡೆದದ್ದನ್ನು ಅವಳು ಹೇಳಿದಳು.

"ನನ್ನ ಮಗನ್ನ ಅಲ್ಲೇ ಬಿಟ್ಟು ಬಂದ್ಯಾ?"

"ಮತ್ತೆ ಹೋಗ್ತೀನಿ ಮಾವ."

"ಯಾರ್ದೋ ಹೆಂಡ್ತೀನ ಇಳಿಸಿ, ನನ್ನ ಮಗನ್ನ ಬಿಟ್ಟು ಬಂದ್ಯಾ?"

ಅವತ್ತಿನಿಂದ ಅವನು ಅವಳ ಕೈಯ ಗಂಜಿ ಕುಡಿಯಲಿಲ್ಲ. ಕೋಲೂರಿಕೊಂಡು ನಮ್ಮ ಮನೆಗೆ ಬರುತ್ತಿದ್ದ. "ಗೊಂಡಿನ್, ಒಂದು ಲೋಟ ಸಾಮೆ ಗಂಜಿ ಹಾಕು" ಎನ್ನುತ್ತಿದ್ದ. ಬೈಗಾ ದೇವಾರ ಗೊಂಡರ ಮನೆಯಲ್ಲಿ ಉಣ್ಣುವುದೆಂದರೆ ಸೊಸೆಗೆ ಅದಕ್ಕಿಂತ ದೊಡ್ಡ ಬೈಗುಳವಿಲ್ಲ. ನಾನು ಹಾಕುತ್ತಿದ್ದೆ. ಹಸಿದ ಮುದುಕನಿಗೆ ಇಲ್ಲ ಎನ್ನುವುದು ಹೇಗೆ?

ತಿತ್ರು ಮೊದಲು ನಂಬಲಿಲ್ಲ. "ಹೆಂಗಸು ಹೇಳಿದ್ಳಂತೆ, ಹುಲಿ ಬಿಟ್ಟುಬಿಡ್ತಂತೆ" ಎಂದು ಹಿಪ್ಪೆ ಸಾರಾಯಿ ಕುಡಿದು ಹಂಗಿಸಿದ. ಆದರೂ ಅವನು ಒಲೆಯ ಪಕ್ಕದಲ್ಲಿ ಹಿಟ್ಟು ಉದುರಿಸಿ ಮೇಲೆ ಬುಟ್ಟಿ ಮುಚ್ಚಿದ್ದನ್ನು ಮಗಳು ಕಂಡಿದ್ದಳು. ಮನೆಗೆ ಬಂದ ಜೀವ ಹಿಟ್ಟಿನಲ್ಲಿ ಗುರುತು ಬಿಡುತ್ತದೆ. ಬೆಳಿಗ್ಗೆ ಎತ್ತಿ ನೋಡಿದಾಗ ಹಿಟ್ಟಿನ ಮೇಲೆ ಮರಿಯ ಕಾಲಿನ ಗೀರಿತ್ತಂತೆ. ಇಲಿಯದೂ ಇರಬಹುದು, ನಾನು ನೋಡಿಲ್ಲ. ಆ ದಿನ ಹಿರೋಂದಿಯ ಬಾಗಿಲಲ್ಲಿ ಒಂದು ಬುಟ್ಟಿ ಹಾರಕದ ಕಾಳು ಇತ್ತು. ಯಾರು ಇಟ್ಟರೆಂದು ಅವಳು ಕೇಳಲಿಲ್ಲ.

ದಸರಾ ಕಳೆಯಲಿ, ರಸ್ತೆ ಒಣಗಲಿ ಎಂದುಕೊಂಡಳು. ಒಂದು ಕಪ್ಪು ಮರಿಯನ್ನು ಬೇರೆಯೇ ಸಾಕಿದಳು. ಅದು ಮರಿಯಾಗಿದ್ದಾಗಲೇ ಹೋಗಬೇಕೆಂಬ ಆತುರ. ಆದರೆ ಚಳಿಜ್ವರ ಬಂದು ಹಾಸಿಗೆ ಹಿಡಿದಳು. ಎದ್ದು ಕೂತಾಗ ನಾಕೇದಾರ ಬಂದು, ಬಾಗಿಲ ಹೊರಗೇ ನಿಂತು ಹೇಳಿದ: ಕಾಲಿನ ನಂಜು ಮೈಗೆಲ್ಲ ಏರಿ ಹುಲಿ ಸತ್ತುಹೋಯಿತು.

"ಎಲ್ಲಿ ಹೂತಿದಾರೆ?" ಎಂದಳು.

"ಹೂಳಲ್ಲಮ್ಮ. ಚರ್ಮ ಉಗುರು ಯಾರೂ ಕದೀಬಾರದು ಅಂತ ಪೂರ್ತಿ ಸುಟ್ಟುಬಿಡ್ತಾರೆ."

ಅವಳು ಮಹತುವಿನ ಬಳಿ ಹೋದಳು. ಅವನು ನಮ್ಮ ಜಗುಲಿಯ ಮೇಲಿದ್ದ. ತಿಂಗಳುಗಳಾದ ಮೇಲೆ ಅವರು ಆಡಿದ ಮೊದಲ ಮಾತು ಅದು.

"ಮಾವ, ಹುಲೀನ ಸುಟ್ಟರಂತೆ. ಮೇಲೆ ಕೂತೋನು ಎಲ್ಲಿಗೆ ಹೋಗ್ತಾನೆ?"

ಮಹತು, "ನಂಗೊತ್ತಿಲ್ಲ" ಎಂದ. "ನಮ್ಮಪ್ಪ ಹೇಳ್ಕೊಟ್ಟಿಲ್ಲ. ಅವರಪ್ಪನಿಗೂ ಗೊತ್ತಿರಕ್ಕಿಲ್ಲ. ಅವರ ಕಾಲದಲ್ಲಿ ಹುಲಿ ಕಾಡಲ್ಲೇ ಸಾಯ್ತಿತ್ತು."

ಆ ಚಳಿಗಾಲದಲ್ಲಿ ಅವನು ಹೋದ. ಕೊನೆಯ ದಿನ ಅವಳನ್ನು ಕರೆದು, "ಗಂಜಿ ಕೊಡು" ಎಂದ. ಎರಡು ಗುಟುಕು ಕುಡಿದ. ದೇವಾರಿಕೆಗೆ ಅವನ ಹಿಂದೆ ಯಾರೂ ಇರಲಿಲ್ಲ.

ಹಿರೋಂದಿ ಬಳೆ ಒಡೆಯಲಿಲ್ಲ. ಒಡೆಯಬೇಕಾದರೆ ಗಂಡ ಮನೆ ಸೇರಿರಬೇಕು. ನಮ್ಮ ಕಡೆ ಗಂಡ ಸತ್ತವಳು ಇನ್ನೊಬ್ಬನ ಮನೆಗೆ ಹೋಗುವುದು ದೊಡ್ಡ ಮಾತೇನಲ್ಲ. ಎರಡು ವರ್ಷ ಕಳೆದ ಮೇಲೆ ತಿತ್ರು ನನ್ನ ಮುಂದೆಯೇ ಅವಳನ್ನು ಕೇಳಿದ. ಕೇಳುವಾಗ ಅವಳ ಬೇಲಿ ಕಟ್ಟುತ್ತಿದ್ದ, ತಲೆ ಎತ್ತಲಿಲ್ಲ. "ನನ್ನ ಮನೇಲೂ ಒಲೆ ಹಚ್ಚೋರಿಲ್ಲ, ನಿನ್ನ ಮನೇಲೂ ಊಟಕ್ಕೆ ಕೂರೋರಿಲ್ಲ. ಎರಡು ಹೊಗೆ ಯಾಕೆ?"

"ಒಬ್ಬನನ್ನ ಕಾಯಿಸ್ತಾ ಕೂರ್ಸಿದೀನಿ ತಿತ್ರು. ಅವನು ಬರ್ಲಿಲ್ಲ ಅಂತ ನಾನು ಎದ್ದು ಹೋಗ್ಲಾ?" ಎಂದಳು. ಅವನು ಬೇಲಿಯ ಕೊನೆಯ ಗಂಟು ಹಾಕಿ ಎದ್ದು ಹೋದ. ಮತ್ತೆ ಕೇಳಲಿಲ್ಲ.

ಕಳೆದ ಫಾಲ್ಗುಣದಲ್ಲಿ ತಿತ್ರುವಿನ ಮಗಳು ಸೋನಿಯಾರೋಳ ಮದುವೆಯಾಯಿತು. ಅರಿಸಿನ ಹಚ್ಚಲು ತಾಯಿಯ ಜಾಗದಲ್ಲಿ ಯಾರು ಎಂಬ ಮಾತು ಬಂದಾಗ ಹುಡುಗಿಯೇ ಎದ್ದು ಹೋಗಿ ಹಿರೋಂದಿಯ ಕೈ ಹಿಡಿದು ತಂದಳು. ಹೆಂಗಸರ ಗುಂಪಿನಲ್ಲಿ ಗುಸುಗುಸು ಎದ್ದಿತು. ಬೋರ್‌ವೆಲ್ ಹತ್ತಿರ ಕೊಡ ಎತ್ತಿಕೊಂಡು ಸರಿದವರೇ ಅಲ್ಲೂ ಇದ್ದರು. ತಿತ್ರು ಗಟ್ಟಿಯಾಗಿ ಹೇಳಿದ: "ನನ್ನ ಹೆಂಡ್ತೀನ ಮನೆ ಮುಟ್ಟಿಸ್ದೋಳು ಇವಳು. ಯಾರಿಗಾದ್ರೂ ಏನಾದ್ರೂ ಹೇಳೋದಿದ್ರೆ ನಂಗೆ ಹೇಳಿ."

ಹಿರೋಂದಿ ಹುಡುಗಿಯ ಕೆನ್ನೆಗೆ, ತೋಳಿಗೆ ಅರಿಸಿನ ಹಚ್ಚಿದಳು. ಯಾವಳೋ ಪೋಕರಿ, "ಸಾಕು ಬಿಡೇ ಅತ್ತೆ, ಹುಡುಗ ಅರಿಸಿನಾನ ಮದುವೆ ಆಗಕ್ಕಿಲ್ಲ, ಹುಡುಗೀನ" ಎಂದಾಗ ಹಿರೋಂದಿ ನಕ್ಕಳು. ತೊರೆ ದಾಟುವಷ್ಟು ಅಲ್ಲ, ಆದರೂ ನಕ್ಕಳು.

ಕುಡಿಯುವ ಮೊದಲು ಮನೆಯ ಸತ್ತವರಿಗೆ ಎಲೆದೊನ್ನೆಯಿಂದ ಒಂದೊಂದು ತೊಟ್ಟು ನೆಲಕ್ಕೆ ಬಿಡುವುದು ನಮ್ಮ ಪದ್ಧತಿ. ತಿತ್ರು ತನ್ನ ಅಪ್ಪನ ಹೆಸರು ಹೇಳಿ ಬಿಟ್ಟ, ಅವ್ವನ ಹೆಸರು, ಫಗ್ನಿಯ ಹೆಸರು. ಆಮೇಲೆ ದೊನ್ನೆಯನ್ನು ಹಿರೋಂದಿಗೆ ಕೊಟ್ಟ. ಅವಳು ಮಹತುವಿನ ಹೆಸರು ಹೇಳಿ ಒಂದು ತೊಟ್ಟು ಬಿಟ್ಟಳು. ಎರಡು ಕೂಸುಗಳಿಗೆ ಎರಡು ತೊಟ್ಟು. ಮನೆಯೊಳಗೆ ಬಂದ ಜೀವಕ್ಕೆ ಮಾತ್ರ ಹೀಗೆ ಬಿಡುವುದು. ಎಲ್ಲರೂ ಅವಳ ಬಾಯಿ ನೋಡುತ್ತಿದ್ದರು. ದೊನ್ನೆ ಇನ್ನೂ ಓರೆಯಾಗಿಯೇ ಇತ್ತು, ಅಂಚಿನಲ್ಲಿ ಸಾರಾಯಿ ನಿಂತಿತ್ತು. ಅವಳು ಅದನ್ನು ನೆಟ್ಟಗೆ ಮಾಡಿ ತಿತ್ರುವಿನ ಕೈಗೆ ವಾಪಸು ಕೊಟ್ಟಳು.

"ಅನ್ನ ಸೀದು ವಾಸನೆ ಬರ್ತಿದೆ, ಯಾರೂ ನೋಡ್ತಿಲ್ವೇನ್ರೇ?" ಎನ್ನುತ್ತಾ ಒಲೆಯ ಕಡೆ ಹೋದಳು.